ಗದ್ದೆಯ ಇಲಿಯಲ್ಲಿ ವೈರಸ್ ಪತ್ತೆ ಹೇಗೆ?

ಪ್ರಶ್ನೆ: ನಮ್ಮ ಕಬ್ಬಿನ ಗದ್ದೆಯಲ್ಲಿ ಇಲಿ, ಹೆಗ್ಗಣಗಳ ಕಾಟ ವಿಪರೀತ. ಇವುಗಳ ಮೈಯಲ್ಲಿ ವೈರಸ್ ಇದೆಯೇ ಎಂದು ಹೇಗೆ ಕಂಡುಹಿಡಿಯುತ್ತಾರೆ? ನಮಗೇನಾದರೂ ಅಪಾಯವಿದೆಯೇ?
— ಓದುಗರೊಬ್ಬರು, ಮಳವಳ್ಳಿ ತಾಲ್ಲೂಕು

ಉತ್ತರ: ಇಲಿಯನ್ನು ನೋಡಿ ಹೇಳಲು ಆಗುವುದಿಲ್ಲ. ಉದಾಹರಣೆಗೆ, ಇಲಿಗಳಿಂದ ಮನುಷ್ಯರಿಗೆ ಹರಡುವ ಹಂತಾ ವೈರಸ್ ಹೊತ್ತ ಇಲಿ ಸಾಮಾನ್ಯವಾಗಿ ಕಾಯಿಲೆ ಬೀಳುವುದಿಲ್ಲ. ಉಚ್ಚೆ, ಹಿಕ್ಕೆ, ಜೊಲ್ಲಿನಲ್ಲಿ ವೈರಸ್ ಬಿಡುತ್ತಾ ಆರಾಮವಾಗಿ ಓಡಾಡಿಕೊಂಡಿರುತ್ತದೆ. ಅದಕ್ಕೇ ಸಂಜೆ ಬದುವಿನ ಬಿಲಗಳ ಬಳಿ ಬೋನಿಟ್ಟು ಬೆಳಿಗ್ಗೆ ಎತ್ತುತ್ತಾರೆ. ಕೈಗವಸು, ಮಾಸ್ಕ್ ತೊಟ್ಟು ಜಾತಿ ಗುರುತಿಸಿ, ರಕ್ತ, ಶ್ವಾಸಕೋಶ, ಮೂತ್ರಪಿಂಡದ ಚೂರುಗಳನ್ನು ತಕ್ಷಣ ಅತಿಶೀತದಲ್ಲಿಡುತ್ತಾರೆ. ಬಿಸಿಲಿಗೆ ಬಿಟ್ಟರೆ ವೈರಸ್ಸಿನ ಆರ್‌ಎನ್‌ಎ ಬೇಗ ಹಾಳಾಗುತ್ತದೆ. ರಕ್ತದಲ್ಲಿ ಪ್ರತಿಕಾಯ ಕಂಡರೆ ಎಂದೋ ಸೋಂಕು ತಗುಲಿತ್ತು ಎಂದಷ್ಟೇ ಅರ್ಥ. ವೈರಸ್ ಈಗಲೂ ಇದೆಯೇ ಎಂದು ಹೇಳುವುದು ಕೋವಿಡ್ ಕಾಲದಲ್ಲಿ ನಾವೆಲ್ಲ ಕೇಳಿದ್ದ ಆರ್‌ಟಿ-ಪಿಸಿಆರ್ ಪರೀಕ್ಷೆ. ಸಿಕ್ಕಿದ ವೈರಸ್ಸಿನ ವಂಶವಾಹಿಯನ್ನು ಆಮೇಲೆ ಅಕ್ಷರ ಅಕ್ಷರವಾಗಿ ಓದಿ, ಗೊತ್ತಿರುವ ವೈರಸ್‌ಗಳ ಜೊತೆ ಹೋಲಿಸುತ್ತಾರೆ.

ಈ ಓದು ಎಷ್ಟು ಮುಖ್ಯ ನೋಡಿ. 1964ರಲ್ಲಿ ವೆಲ್ಲೂರಿನ ತೊಟ್ಟಪಾಳ್ಯಂನಲ್ಲಿ ಹಿಡಿದ ಸೊಂಡಿಲಿಯೊಂದರಲ್ಲಿ ವೈರಸ್ ಸಿಕ್ಕಿತು. (ಸೊಂಡಿಲಿ ಇಲಿಯಲ್ಲ, ಹುಳು ತಿನ್ನುವ ಬೇರೆ ವಂಶದ ಪ್ರಾಣಿ.) ಹಂತಾ ಎಂಬ ಗುಂಪಿನ ಹೆಸರೇ ಆಗ ಇರಲಿಲ್ಲ, ಕೊರಿಯಾದ ಹಂತಾನ್ ವೈರಸ್ ಜಗತ್ತಿಗೆ ತಿಳಿದದ್ದು 1970ರ ದಶಕದ ಕೊನೆಗೆ. 2007ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನಗಳು, ತೊಟ್ಟಪಾಳ್ಯಂ ವೈರಸ್ ಇಲಿಗಳ ಹಂತಾಗಳಿಂದ ಬಹಳ ಹಿಂದೆಯೇ ಕವಲೊಡೆದ ಬೇರೆಯೇ ಶಾಖೆ ಎಂದು ತೋರಿಸಿದವು. ಇಂಥ ಸಣ್ಣ ಪ್ರಾಣಿಗಳು ವೈರಸ್ ಹೊರುವುದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಬೇಕೆಂದರೆ, 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ. ಹೆಸರು ಮಂಗನದಾದರೂ, ಉಣ್ಣೆಗಳ ಜೊತೆ ಕಾಡಿನ ಇಲಿ, ಸೊಂಡಿಲಿಗಳೂ ಆ ವೈರಸ್ಸಿಗೆ ಆಶ್ರಯ ಕೊಡುತ್ತವೆ.

ಇನ್ನು ನಿಮ್ಮ ಅಪಾಯದ ಮಾತು. ಮಂಡ್ಯದ ನಾಲೆ ಬಯಲಿನಲ್ಲಿ ನಾನು ಮೊದಲು ಹೆದರುವುದು ಇಲಿಜ್ವರಕ್ಕೆ. ಅದು ವೈರಸ್ ಅಲ್ಲ, ಬ್ಯಾಕ್ಟೀರಿಯಾ. ಇಲಿಯ ಉಚ್ಚೆ ಬೆರೆತ ಕೆಸರುನೀರಿನಿಂದ ಕಾಲಿನ ಗಾಯದ ಮೂಲಕ ಒಳಹೊಗುತ್ತದೆ. ಆಂಟಿಬಯಾಟಿಕ್‌ಗೆ ಬಗ್ಗುತ್ತದೆ, ಹಂತಾ ಬಗ್ಗುವುದಿಲ್ಲ. ಎರಡರಲ್ಲೂ ಜ್ವರ, ಮೈಕೈ ನೋವು, ಮೂತ್ರಪಿಂಡದ ತೊಂದರೆ ಬರಬಹುದಾದ್ದರಿಂದ ಪರೀಕ್ಷೆಯಿಲ್ಲದೆ ಯಾವುದೆಂದು ಹೇಳುವುದು ಕಷ್ಟ.

ಹಂತಾ ಹೆಚ್ಚಾಗಿ ಹರಡುವುದು ಒಣಗಿದ ಹಿಕ್ಕೆಯ ದೂಳಿನಿಂದ. ತಿಂಗಳುಗಟ್ಟಲೆ ಮುಚ್ಚಿದ್ದ ಆಲೆಮನೆಯನ್ನೋ ಪಂಪ್‌ಸೆಟ್ ಮನೆಯನ್ನೋ ತೆರೆದಾಗ ಒಣಪೊರಕೆ ಹಾಕಬೇಡಿ. ಅರ್ಧ ಗಂಟೆ ಗಾಳಿಯಾಡಲು ಬಿಡಿ, ಬ್ಲೀಚಿಂಗ್ ಪುಡಿ ಕಲಸಿದ ನೀರು ಚಿಮುಕಿಸಿ, ಹಿಕ್ಕೆ ನೆನೆದ ಮೇಲೆ ಬಳಿದು ತೆಗೆಯಿರಿ. ಸತ್ತ ಇಲಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಗದ್ದೆ ಕೆಲಸ ಮಾಡಿದ ದಿನಗಳಲ್ಲಿ ಜ್ವರ ಬಂದರೆ, ಕೆಸರಿಗಿಳಿದದ್ದನ್ನೂ ಇಲಿ ಇದ್ದದ್ದನ್ನೂ ಡಾಕ್ಟರಿಗೆ ನೀವಾಗಿಯೇ ಹೇಳಿ. ಯಾವ ಪರೀಕ್ಷೆ ಮಾಡಿಸಬೇಕೆಂದು ಅವರಿಗೆ ಹೊಳೆಯುವುದು ಆ ಮಾತಿನಿಂದಲೇ.