ಬಯಾಸ್ ನಿಲ್ಲದಿದ್ದರೆ ಪ್ರಿಸೆಟ್ ಬದಲಿಸಿ

ದಾವಣಗೆರೆ, ಹರಿಹರದ ಬೇಸಿಗೆಯಲ್ಲಿ ಹಳೆಯ ಸ್ಟೀರಿಯೊ ಆಂಪ್ಲಿಫೈಯರಿನ ಬಯಾಸ್ ಏರಿಳಿದರೆ ಸೆಖೆಯನ್ನು ದೂರುವುದು ಸುಲಭ. ಆದರೆ ಸೆಖೆಯಿಂದಾದರೆ ಎರಡೂ ಚಾನಲ್ ನಿಧಾನವಾಗಿ, ಒಟ್ಟಿಗೆ ಏರಬೇಕು. ಒಂದೇ ಚಾನಲ್ ಥಟ್ಟನೆ ಜಿಗಿದರೆ ಮೊದಲ ಶಂಕೆ ಬಯಾಸ್ ಹೊಂದಿಸುವ ಪ್ರಿಸೆಟ್ಟಿನ ಮೇಲಿರಲಿ. ಅದರೊಳಗಿನ ಇಂಗಾಲದ ಪಟ್ಟಿ ಸವೆದು ಸಂಪರ್ಕ ತಪ್ಪುತ್ತದೆ. ಅನೇಕ ಸರ್ಕಿಟ್‌ಗಳಲ್ಲಿ ಹಾಗೆ ಕ್ಷಣಕಾಲ ತಪ್ಪಿದರೂ ಕರೆಂಟ್ ಏರಿ ಔಟ್‌ಪುಟ್ ಟ್ರಾನ್ಸಿಸ್ಟರ್ ಸುಡಬಹುದು. ಕ್ಲೀನರ್ ಸ್ಪ್ರೇ ಸಾಲದೇ ಎಂದು ಕೇಳಬಹುದು. ಕೊಳೆ ಹೋದೀತು, ಸವೆದ ಪಟ್ಟಿ ಮರಳಿ ಬಾರದು.

ಹೊಸ ಪ್ರಿಸೆಟ್ಟನ್ನು ಕನಿಷ್ಠ ಬಯಾಸ್‌ನಲ್ಲಿಟ್ಟು, ಸೀರೀಸ್ ಬಲ್ಬ್ ಮೂಲಕ ಮೊದಲು ಆನ್ ಮಾಡಿ ನೋಡಿ. ಬಲ್ಬ್ ಮಂಕಾಗಿಯೇ ಇದ್ದರೆ ಅದನ್ನು ತೆಗೆದು, ಸ್ಪೀಕರ್ ಕಳಚಿ, ವಾಲ್ಯೂಮ್ ಸೊನ್ನೆಗಿಳಿಸಿ, ಸೆಟ್ಟು ಬಿಸಿಯಾದ ಮೇಲೆ ಎಮಿಟರ್ ರೆಸಿಸ್ಟರ್‌ನ ಎರಡು ತುದಿಗಳ ನಡುವೆ ಅಳೆಯಿರಿ. 0.22 ಓಮ್‌ಗೆ 11 ಮಿಲಿವೋಲ್ಟ್ ಬಂದರೆ 50 ಮಿಲಿಆಂಪಿಯರ್ ಹರಿಯುತ್ತಿದೆ ಎಂದರ್ಥ. ನಿಮ್ಮ ಮಾಡೆಲ್ಲಿಗೆ ಎಷ್ಟಿರಬೇಕೆಂಬುದನ್ನು ಮಾತ್ರ ಸರ್ವಿಸ್ ಮ್ಯಾನುಯಲ್ ನೋಡಿಯೇ ತೀರ್ಮಾನಿಸಿ.