ಮೀನು, ಮೊಕದ್ದಮೆ, ಮೇಲ್ಮನವಿ

ಮೀನು ಹಿಡಿದದ್ದಕ್ಕೂ ಜೈಲೇ ಸರ್? ನ್ಯಾಯಾಂಗದ ಪಾಠ ಮಾಡುವಾಗ ಪ್ರತಿ ವರ್ಷ ಯಾರಾದರೊಬ್ಬರು ನನ್ನನ್ನು ಹೀಗೆ ಕೇಳುತ್ತಾರೆ. ಕಾವೇರಿ, ಲಕ್ಷ್ಮಣತೀರ್ಥದ ದಡದಲ್ಲಿ ಬೆಳೆದವರು ಕೇಳುವುದು ಸಹಜ. ಎಲ್ಲಿ ಹಿಡಿದಿರಿ, ಹೇಗೆ ಹಿಡಿದಿರಿ ಎಂಬುದರ ಮೇಲೆ ಉತ್ತರ ನಿಂತಿದೆ.

ಸಿಡಿಮದ್ದು ಎಸೆದು ಅಥವಾ ವಿಷ ಬೆರೆಸಿ ಮೀನು ಹಿಡಿಯುವುದನ್ನು 1897ರ ಮೀನುಗಾರಿಕೆ ಕಾಯ್ದೆಯೇ ಅಪರಾಧ ಎಂದಿತ್ತು. ಆಗಿನ ಗರಿಷ್ಠ ಶಿಕ್ಷೆ 2 ತಿಂಗಳ ಸಜೆ ಅಥವಾ 200 ರೂಪಾಯಿ ದಂಡ. ನಾಗರಹೊಳೆ ರಾಷ್ಟ್ರೀಯ ಉದ್ಯಾನದೊಳಗೆ ಲೆಕ್ಕವೇ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಲ್ಲಿಂದ ವನ್ಯಜೀವಿಯನ್ನು ತೆಗೆದರೆ 3 ವರ್ಷದವರೆಗೆ ಜೈಲು. ಅದು ‘ಬೇಟೆ’ ಎಂದಾದರೆ ಕನಿಷ್ಠವೇ 3 ವರ್ಷ, ಗರಿಷ್ಠ 7 ವರ್ಷ. ಹಾಗಾದರೆ ಮೀನು ಹಿಡಿಯುವುದು ಬೇಟೆಯೇ? ಕಾಯ್ದೆಯ ‘ಪ್ರಾಣಿ’ ಎಂಬ ಪದದಲ್ಲಿ ಮೀನೂ ಸೇರಿದೆ. ಆದರೆ ಬೇಟೆಯ ಮಾತು ಬರುವುದು ‘ಕಾಡುಪ್ರಾಣಿ’ಯ ವಿಷಯದಲ್ಲಿ, ಕಾಡುಪ್ರಾಣಿ ಎಂದರೆ ಕಾಯ್ದೆಯ ಅನುಸೂಚಿಯಲ್ಲಿ ಹೆಸರಿರುವ ಪ್ರಾಣಿ. ಬಲೆಗೆ ಬಿದ್ದ ಮೀನು ಆ ಪಟ್ಟಿಯಲ್ಲಿದೆಯೇ ಎಂಬುದೊಂದೇ ಒಬ್ಬನ ಹಲವು ವರ್ಷಗಳನ್ನು ತೀರ್ಮಾನಿಸಬಹುದು. ಇದರ ಜೊತೆಗೆ 2006ರ ಅರಣ್ಯ ಹಕ್ಕು ಕಾಯ್ದೆ ಅರಣ್ಯವಾಸಿಗಳ ಸಮುದಾಯ ಹಕ್ಕುಗಳಲ್ಲಿ ಮೀನನ್ನೂ ಸೇರಿಸಿದೆ. ಜೇನುಕುರುಬ, ಯರವ ಕುಟುಂಬಗಳಿಗೆ ಇದು ಸಣ್ಣ ವಿಷಯವಲ್ಲ.

ಒಂದು ಪದಕ್ಕೆ ಎಷ್ಟು ಬೆಲೆ ಎಂದು ತಿಳಿಯಲು ಅಮೆರಿಕದ ಒಂದು ಪ್ರಕರಣ ನೋಡಿ. 2007ರಲ್ಲಿ ಮೆಕ್ಸಿಕೊ ಕೊಲ್ಲಿಯಲ್ಲಿ ಜಾನ್ ಯೇಟ್ಸ್ ಎಂಬ ಮೀನುಗಾರನ ದೋಣಿಯಲ್ಲಿ ಅಧಿಕಾರಿ ಅಳತೆಗಿಂತ ಚಿಕ್ಕದಾದ 72 ಮೀನು ಕಂಡರು. ದಡ ಸೇರುವ ಮೊದಲೇ ಆತ ಅವನ್ನು ಸಮುದ್ರಕ್ಕೆ ಎಸೆಸಿದ. ಕಂಪನಿಗಳ ಲೆಕ್ಕಪತ್ರ ವಂಚನೆ ತಡೆಯಲು 2002ರಲ್ಲಿ ತಂದ ಕಾನೂನಿನಡಿಯೂ ಶಿಕ್ಷೆಯಾಯಿತು: ‘ವಸ್ತು’ ನಾಶ ಮಾಡಿ ಸಾಕ್ಷ್ಯ ಅಳಿಸಿದ್ದಕ್ಕೆ. ಮೇಲ್ಮನವಿ ಸುಪ್ರೀಂ ಕೋರ್ಟ್ ತಲುಪಿತು. 2015ರಲ್ಲಿ 5–4 ಬಹುಮತದ ತೀರ್ಪು ಬಂತು: ಆ ಕಾನೂನಿನ ‘ವಸ್ತು’ವಿನಲ್ಲಿ ಮೀನು ಸೇರುವುದಿಲ್ಲ. ಆತ ಪೂರ್ತಿ ನಿರ್ದೋಷಿಯಾಗಲಿಲ್ಲ. ಪ್ರಶ್ನಿಸದೆ ಬಿಟ್ಟ ಇನ್ನೊಂದು ಆರೋಪದ ಶಿಕ್ಷೆ ಹಾಗೇ ಉಳಿಯಿತು. (ನನಗೆ ಕೇಳಿದರೆ, ಭಿನ್ನಮತ ಬರೆದ ನಾಲ್ವರ ವಾದವೂ ದುರ್ಬಲವೇನಲ್ಲ. ಮೀನು ಕೈಗೆ ಸಿಗುವ ವಸ್ತು ತಾನೆ?)

ನಮ್ಮಲ್ಲಿ ಮ್ಯಾಜಿಸ್ಟ್ರೇಟ್ ಶಿಕ್ಷೆ ವಿಧಿಸಿದರೆ ಮೇಲ್ಮನವಿ ಸೆಷನ್ಸ್ ನ್ಯಾಯಾಲಯಕ್ಕೆ. ಗಡುವು 30 ದಿನ. ಮೇಲ್ಮನವಿ ಮುಗಿಯುವವರೆಗೆ ಸಜೆಯನ್ನು ಅಮಾನತಿನಲ್ಲಿಡಲು ಕೋರಬಹುದು. ಆರೋಪಿ ಮಾತ್ರ ಮೇಲ್ಮನವಿ ಹಾಕಿದ್ದರೆ ಆ ಮೇಲ್ಮನವಿಯಲ್ಲಿ ಶಿಕ್ಷೆ ಹೆಚ್ಚಿಸುವಂತಿಲ್ಲ. ‘ಮೇಲೆ ಹೋದರೆ ಇನ್ನೂ ಜಾಸ್ತಿ ಕೊಡ್ತಾರೆ’ ಎಂದು ಹೆದರಿ ಸುಮ್ಮನಾಗುವವರಿಗೆ ಇದು ಗೊತ್ತಿರಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 416ನೇ ಕಲಮು. ‘ತಪ್ಪಾಯ್ತು ಸ್ವಾಮಿ, ದಂಡ ಕಟ್ಟಿ ಹೋಗ್ತೀನಿ’ ಎಂದು ಮ್ಯಾಜಿಸ್ಟ್ರೇಟ್ ಮುಂದೆ ತಪ್ಪೊಪ್ಪಿಕೊಂಡು ಶಿಕ್ಷೆಯಾದರೆ, ಮುಂದೆ ಶಿಕ್ಷೆಯ ಪ್ರಮಾಣ ಅಥವಾ ಕಾನೂನುಬದ್ಧತೆಯನ್ನಷ್ಟೇ ಮೇಲ್ಮನವಿಯಲ್ಲಿ ಪ್ರಶ್ನಿಸಬಹುದು. ಆ ಮೀನು ಪಟ್ಟಿಯಲ್ಲಿತ್ತೇ, ಆ ಜಾಗ ಉದ್ಯಾನದ ಗಡಿಯೊಳಗಿತ್ತೇ ಎಂದು ತಪ್ಪನ್ನೇ ಅಲ್ಲಗಳೆಯಲು ಅಲ್ಲಿ ದಾರಿಯಿಲ್ಲ. ದಿನಗೂಲಿ ತಪ್ಪುತ್ತದೆಂದು ಅವಸರದಲ್ಲಿ ಒಪ್ಪಿಕೊಳ್ಳುವವರೇ ಈ ಕಲಮಿಗೆ ಸಿಕ್ಕಿಬೀಳುವುದು. ಒಪ್ಪಿಕೊಳ್ಳುವ ಮೊದಲೇ ವಕೀಲರನ್ನು ಕಾಣಬೇಕು. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ–ಪಂಗಡದವರು, ಬಂಧನದಲ್ಲಿರುವವರಿಗೆ 1987ರ ಕಾನೂನು ಸೇವೆಗಳ ಕಾಯ್ದೆಯಡಿ ಉಚಿತವಾಗಿ ವಕೀಲರು ಸಿಗುತ್ತಾರೆ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ.