ಉಪವಾಸ ನಿಲ್ಲುತ್ತದೆ, ಪಥ್ಯ ಏಕೆ ನಿಲ್ಲುವುದಿಲ್ಲ?



ಹೊಟ್ಟೆ ಬಂದಿದೆ, ಬಿಪಿ, ಶುಗರ್, ಕೊಲೆಸ್ಟ್ರಾಲ್ ಸ್ವಲ್ಪ ಸ್ವಲ್ಪ ಏರಿವೆ. ಇವು ಒಟ್ಟಿಗೆ ಬಂದರೆ ವೈದ್ಯರು ಮೆಟಬಾಲಿಕ್ ಸಿಂಡ್ರೋಮ್ ಎನ್ನುತ್ತಾರೆ. ಐದರಲ್ಲಿ ಮೂರು ಇದ್ದರೆ ಸಾಕು: ನಮ್ಮ ಗಂಡಸರಿಗೆ ಸೊಂಟದ ಸುತ್ತಳತೆ 90 ಸೆಂ.ಮೀ. ಅಥವಾ ಹೆಚ್ಚು, ಬಿಪಿ 130/85 ಅಥವಾ ಹೆಚ್ಚು, ಬರಿಹೊಟ್ಟೆಯ ಶುಗರ್ 100 ಅಥವಾ ಹೆಚ್ಚು, ಟ್ರೈಗ್ಲಿಸರೈಡ್ 150 ಅಥವಾ ಹೆಚ್ಚು, ಒಳ್ಳೆಯ ಕೊಲೆಸ್ಟ್ರಾಲ್ 40ಕ್ಕಿಂತ ಕಡಿಮೆ.

ಪಥ್ಯ ಮಾಡಿ, ನಡೆಯಿರಿ ಎಂದು ವೈದ್ಯರು ಹೇಳುತ್ತಾರೆ. ಹೆಚ್ಚಿನವರು ಆರಂಭಿಸುತ್ತಾರೆ, ಕೆಲವೇ ವಾರಗಳಲ್ಲಿ ಬಿಡುತ್ತಾರೆ. ಇದನ್ನು ಸೋಮಾರಿತನ ಎಂದುಬಿಡುವುದು ನ್ಯಾಯವಲ್ಲ. ಕಾರಣಗಳಿವೆ.

ಒಂದು, ಈ ಕಾಯಿಲೆಗೆ ನೋವಿಲ್ಲ. ಹಲ್ಲುನೋವಿನಂತೆ ಎಚ್ಚರಿಸುವುದಿಲ್ಲ. ಎರಡು, ತೂಕ ಇಳಿದಂತೆ ದೇಹವೇ ಹಸಿವು ಹೆಚ್ಚಿಸುತ್ತದೆ, ಶಕ್ತಿ ಉಳಿಸಲು ನೋಡುತ್ತದೆ. ನಿದ್ದೆಗೆಟ್ಟರೆ ಹಸಿವು ಇನ್ನೂ ಹೆಚ್ಚು. ಮೂರು, ಹನ್ನೆರಡು ಗಂಟೆ ಡ್ಯೂಟಿ, ಹೊರಗೆ ಬಿಸಿಲು, ರೂಮಿನಲ್ಲಿ ಎಲ್ಲರಿಗೂ ಒಂದೇ ಪಾತ್ರೆಯ ಅಡುಗೆ. ಒಬ್ಬನಿಗಾಗಿ ಬೇರೆ ಬೇಯಿಸುವವರು ಯಾರು?

ಆದರೆ ಮಧ್ಯಾಹ್ನದ ಚಹಾ ಬಿಡಲಾಗದವರು ಸಹ ರಮಝಾನಿನಲ್ಲಿ ಮಗ್ರಿಬ್‌ವರೆಗೆ ಒಂದು ಗುಟುಕು ನೀರೂ ಕುಡಿಯುವುದಿಲ್ಲ. ಹೇಗೆ? ನಿಯ್ಯತ್ ಇದೆ, ಸಮಯ ನಿಗದಿಯಾಗಿದೆ, ಜೊತೆಗೆ ಎಲ್ಲರೂ ಇದ್ದಾರೆ. ನಮ್ಮ ಪಥ್ಯಕ್ಕೆ ಈ ಮೂರೂ ಇರುವುದಿಲ್ಲ. ಅದಕ್ಕೇ ಅದು ನಿಲ್ಲುವುದಿಲ್ಲ.

ಹಾಗಾದರೆ ಈ ತಿಂಗಳಲ್ಲೇ ಜೋಡಿಸಿಕೊಳ್ಳೋಣ. ಖರ್ಜೂರ, ನೀರಿನಿಂದ ಇಫ್ತಾರ್ ಮಾಡಿ ಮಗ್ರಿಬ್ ನಮಾಝ್ ಮುಗಿಸಿ, ಬಳಿಕ ಊಟಕ್ಕೆ ಕುಳಿತುಕೊಳ್ಳಿ. ಸಮೋಸ, ಪಕೋಡ, ಸಿಹಿ ಶರಬತ್ತು ದಿನಾ ಬೇಡವೆಂದು ರೂಮಿನವರೆಲ್ಲ ಸೇರಿ ತೀರ್ಮಾನಿಸಿ. ಉಳಿದ ಹಣದಲ್ಲಿ ಸೌತೆಕಾಯಿ, ಟೊಮೆಟೊ, ಬೇಳೆ ಬರಲಿ. ತರಾವೀಹ್ ಬಳಿಕ ಇಬ್ಬರು ಜೊತೆಯಾಗಿ ಹತ್ತು ನಿಮಿಷ ನಡೆಯಿರಿ. ಈದ್ ಕಳೆದ ಮೇಲೆ ಅದನ್ನೇ ಸ್ವಲ್ಪ ಸ್ವಲ್ಪ ಹೆಚ್ಚಿಸಿ. ವಾರಕ್ಕೆ 150 ನಿಮಿಷ ಗುರಿ. ತುಂಡು ತುಂಡಾಗಿ ನಡೆದರೂ ಲೆಕ್ಕಕ್ಕೆ ಬರುತ್ತದೆ.

2002ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ, ಇಷ್ಟೇ ನಡಿಗೆ ಮತ್ತು ಶೇ. 7ರಷ್ಟು ತೂಕ ಇಳಿಸುವ ಗುರಿಯಿಂದ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಶೇ. 58ರಷ್ಟು ತಗ್ಗಿತು. 80 ಕಿಲೋ ತೂಗುವವರಿಗೆ ಶೇ. 7 ಎಂದರೆ ಆರು ಕಿಲೋಗೂ ಕಡಿಮೆ.

ನಾನು ಲೆಕ್ಕ ಬರೆಯುವವನು. ಒಂದು ದಿನ ನಷ್ಟವಾಯಿತೆಂದು ಯಾರೂ ಅಂಗಡಿ ಮುಚ್ಚುವುದಿಲ್ಲ. ಒಂದು ದಿನ ತಪ್ಪಿದರೆ ಮರುದಿನ ಮುಂದುವರಿಸಿ. ಅಲ್ಪವಾದರೂ ನಿರಂತರವಾದ ಕರ್ಮವೇ ಅಲ್ಲಾಹನಿಗೆ ಹೆಚ್ಚು ಪ್ರಿಯವೆಂದು ಪ್ರವಾದಿ(ಸ) ಕಲಿಸಿದ್ದಾರೆ.

ಒಂದು ಎಚ್ಚರಿಕೆ: ಶುಗರ್ ಅಥವಾ ಬಿಪಿ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಡೋಸ್ ಬದಲಿಸಬೇಡಿ. ಬೆರಳು ಚುಚ್ಚಿ ಶುಗರ್ ನೋಡಿದರೆ ಉಪವಾಸ ಮುರಿಯುವುದಿಲ್ಲ. ಅದು 70ಕ್ಕಿಂತ ಕೆಳಗಿಳಿದರೆ ಅಥವಾ 300 ದಾಟಿದರೆ ಉಪವಾಸ ಬಿಡಿ. ರೋಗಿಗೆ ಆ ರಿಯಾಯಿತಿ ಕೊಟ್ಟವನು ಅಲ್ಲಾಹನೇ.

ಅವನು ನಮಗೆಲ್ಲ ಆರೋಗ್ಯ, ಸ್ಥಿರತೆ ಕರುಣಿಸಲಿ. ಆಮೀನ್.